ಚುನಾವಣೆ ಸೋತ ಮರುದಿನ ರಮ್ಸ್‌ಫೆಲ್ಡ್‌ಗೆ ಗೇಟ್‌ಪಾಸ್: ಅದರಿಂದ ಏನಾದರೂ ಬದಲಾಯಿತಾ?

ಹಳೇಪೇಪರ್

ಅಟ್ಟ ಖಾಲಿ ಮಾಡುತ್ತಿದ್ದೆ. ರದ್ದಿಗೆ ಹಾಕೋಣ ಅಂತ ಎಳೆದ ಕಟ್ಟಿನಲ್ಲಿ 2006ರ ನವೆಂಬರ್ ತಿಂಗಳ ಪೇಪರ್ ಸಿಕ್ಕಿತು. ಅಮೆರಿಕದ ರಕ್ಷಣಾ ಮಂತ್ರಿ ಡೊನಾಲ್ಡ್ ರಮ್ಸ್‌ಫೆಲ್ಡ್ ಹೋದ ಸುದ್ದಿ. ರದ್ದಿ ಕೆಲಸ ಅಲ್ಲಿಗೇ ನಿಂತಿತು. ಏಣಿ ಮೇಲೇ ಕೂತು ಓದಿದೆ.

ಆಗ ಹುಟ್ಟಿರದವರೂ ಇಲ್ಲಿದ್ದೀರಿ, ಅದಕ್ಕೆ ಚುಟುಕಾಗಿ ಹೇಳುತ್ತೇನೆ. 2003ರಲ್ಲಿ ಅಮೆರಿಕ ಇರಾಕ್‌ಗೆ ನುಗ್ಗಿತು. ಮರುವರ್ಷ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸಿಪಾಯಿಗಳು ಕೈದಿಗಳನ್ನು ಹಿಂಸಿಸಿದ ಫೋಟೋಗಳು ಹೊರಗೆ ಬಂದವು. 2006ರ ಫೆಬ್ರುವರಿಯಲ್ಲಿ ಇರಾಕ್‌ನ ಸಮಾರಾದಲ್ಲಿ ಶಿಯಾಗಳ ಮಸೀದಿಗೆ ಬಾಂಬ್ ಇಟ್ಟರು. ಅಲ್ಲಿಂದ ಶಿಯಾ, ಸುನ್ನಿ ಕೊಲೆಗಳಿಗೆ ಲೆಕ್ಕವೇ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ನಿವೃತ್ತ ಜನರಲ್‌ಗಳು ಒಬ್ಬರ ಹಿಂದೆ ಒಬ್ಬರು ಬಂದು ರಮ್ಸ್‌ಫೆಲ್ಡ್ ಇಳಿಯಲಿ ಅಂದರು. ತೀರ್ಮಾನ ಮಾಡುವವನು ನಾನು, ಆತ ಇರುತ್ತಾರೆ ಅಂದರು ಅಧ್ಯಕ್ಷ ಬುಷ್. ನವೆಂಬರ್ 7ಕ್ಕೆ ಸಂಸತ್ ಚುನಾವಣೆ. ಬುಷ್ ಪಕ್ಷ ಮಕಾಡೆ ಬಿತ್ತು. ಮರುದಿನವೇ ರಮ್ಸ್‌ಫೆಲ್ಡ್ ಔಟ್, ರಾಬರ್ಟ್ ಗೇಟ್ಸ್ ಇನ್.

ನನ್ನ ಪ್ರಶ್ನೆ ಇಷ್ಟೇ. ಇದು ಬರೀ ಮುಖ ಬದಲು, ಯುದ್ಧ ಅದೇ ಅಂತ ಆಗ ತುಂಬಾ ಜನ ಗೊಣಗಿದರು. ಇಷ್ಟು ವರ್ಷ ಆದ ಮೇಲೆ ನೋಡಿದರೆ ಅವರು ಹೇಳಿದ್ದು ಸರಿ ಇತ್ತಾ?

ಸುಮ್ನೆಬಂದೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯುದ್ಧಕ್ಕೆ ಹೋಗೋಣ ಅಂದದ್ದು ಅಧ್ಯಕ್ಷ, ಮನೆಗೆ ಹೋದದ್ದು ಮಂತ್ರಿ. ಮುಗೀತಲ್ಲ, ಇನ್ನೇನು ಚರ್ಚೆ?

ಮೈಸೂರ್‌ಪಾಕ್

ಎಮ್ಮೆ ಅಷ್ಟೇನೂ ಪಾಪದ್ದಲ್ಲ ಗುರು. ಇರಾಕ್ ಹಿಡಿದಿಡೋಕೆ ಕೆಲವು ಲಕ್ಷ ಸೈನಿಕರು ಬೇಕಾಗಬಹುದು ಅಂತ ಭೂಸೇನಾ ಮುಖ್ಯಸ್ಥ ಶಿನ್ಸೆಕಿ ಯುದ್ಧಕ್ಕೆ ಮೊದಲೇ ಹೇಳಿದ್ದರು. ಆ ಲೆಕ್ಕವನ್ನು ತಳ್ಳಿಹಾಕಿದ್ದು ರಮ್ಸ್‌ಫೆಲ್ಡ್ ಮತ್ತು ಅವರ ಕೈಕೆಳಗಿನವರೇ. ಕಡಿಮೆ ಸೈನ್ಯ, ಬೇಗ ಮುಗಿಸೋದು, ಇದು ಆತನ ಹಟ.

ಇನ್ನು ಜನಕ್ಕೆ ಅನುಮಾನ ಯಾಕೆ ಬಂತು ಅಂದರೆ ತಾರೀಕುಗಳಿಂದ. ಜೋಡಿಸಿ ನೋಡಿ. ನವೆಂಬರ್ 1ರಂದು ಬುಷ್ ಸುದ್ದಿಸಂಸ್ಥೆಗಳ ವರದಿಗಾರರನ್ನು ಕೂರಿಸಿಕೊಂಡು, ಉಪಾಧ್ಯಕ್ಷ ಚೇನಿ, ರಮ್ಸ್‌ಫೆಲ್ಡ್ ಇಬ್ಬರೂ ಕೊನೆಯವರೆಗೂ ಇರುತ್ತಾರೆ ಅಂದರು. ನವೆಂಬರ್ 5ರ ಭಾನುವಾರ ಗೇಟ್ಸ್‌ರನ್ನು ಟೆಕ್ಸಾಸ್‌ನ ತೋಟದ ಮನೆಗೆ ಗುಟ್ಟಾಗಿ ಕರೆಸಿಕೊಂಡರು. ಹೇಗೆ ಗೊತ್ತಾ? ಪಕ್ಕದೂರಿನ ದಿನಸಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಗೇಟ್ಸ್ ತಮ್ಮ ಕಾರು ಬಿಟ್ಟು, ಅಧ್ಯಕ್ಷರ ಕಡೆಯವರ ಗಾಡಿ ಹತ್ತಿ ಹೋದರು. ಅವರೇ ಆಮೇಲೆ ಬರೆದುಕೊಂಡಿದ್ದಾರೆ. ನಮ್ಮ ಕಡೆ ರೆಸಾರ್ಟ್ ರಾಜಕೀಯದಲ್ಲಿ ಶಾಸಕರು ಗಾಡಿ ಬದಲಾಯಿಸುತ್ತಾರಲ್ಲ, ಥೇಟ್ ಹಾಗೆ.

ನವೆಂಬರ್ 8ರ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ವರದಿಗಾರ ನೇರವಾಗಿ ಕೇಳಿದ. ಹೋದ ವಾರ ಹಾಗೆ ಹೇಳಿದ್ರಲ್ಲ, ಇದೇನು? ಬುಷ್ ಉತ್ತರದ ಸಾರ ಏನಪ್ಪಾ ಅಂದರೆ, ಪ್ರಚಾರದ ಕೊನೇ ದಿನಗಳಲ್ಲಿ ಯುದ್ಧದ ಅಷ್ಟು ದೊಡ್ಡ ನಿರ್ಧಾರ ತುರುಕುವುದು ಬೇಡವಾಗಿತ್ತು, ನಿಮ್ಮನ್ನು ಮುಂದಿನ ಪ್ರಶ್ನೆಗೆ ಸಾಗಹಾಕೋಕೆ ಹಾಗೆ ಹೇಳಬೇಕಾಯಿತು. ಸುಳ್ಳು ಹೇಳಿದೆ ಅನ್ನೋದನ್ನ ಇಷ್ಟು ಸಲೀಸಾಗಿ ಒಪ್ಪಿಕೊಂಡವರು ಕಡಿಮೆ! ಹಾಗೆ ಹೇಳಿದವರು ಅದೇ ಬಾಯಲ್ಲಿ ಹೊಸ ದೃಷ್ಟಿ ಬೇಕು ಅಂದರೆ ಯಾರು ನಂಬುತ್ತಾರೆ?

ಬಸ್‌ಪಾಸ್

ಬಸ್ಸಿನ ಬೋರ್ಡ್ ಅದೇ, ಡ್ರೈವರ್ ಬೇರೆ. ಮೆಜೆಸ್ಟಿಕ್‌ಗೇ ಹೋಗುತ್ತೆ.

ಓಹಾಯೋಅಕ್ಕ

ನಾನು ಆಗ ಇಲ್ಲೇ ಇದ್ದೆ. ಓಹಾಯೋದಲ್ಲಿ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಮಧ್ಯಾಹ್ನ ಊಟದ ಕೋಣೆಯ ಟಿವಿಯಲ್ಲಿ ಸುದ್ದಿ ಬಂತು. ನಮ್ಮ ಜೊತೆ ಒಬ್ಬ ಹೆಂಗಸು ಇದ್ದರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಗ ಸೈನ್ಯದಲ್ಲಿದ್ದ, ಆ ಆಗಸ್ಟ್‌ನಲ್ಲಷ್ಟೇ ಇರಾಕ್‌ಗೆ ಹೋಗಿದ್ದ. ಎಲ್ಲರೂ ಅವರ ಕಡೆ ತಿರುಗಿದೆವು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅವರು ಡಬ್ಬಿ ಮುಚ್ಚಳ ಒತ್ತಿ ಹಾಕಿ, ಅವನು ವಾಪಸ್ ಬರೋ ತಾರೀಕು ಬದಲಾಯ್ತಾ, ಅದು ಹೇಳಿ ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ತಾರೀಕು ಬದಲಾಯಿತು. 2007ರ ಏಪ್ರಿಲ್ 11ಕ್ಕೆ ಗೇಟ್ಸ್ ಬಂದು, ಇರಾಕ್, ಅಫ್ಘಾನಿಸ್ತಾನದಲ್ಲಿರುವ ಭೂಸೇನೆಯ ಖಾಯಂ ತುಕಡಿಗಳು ಇನ್ನು 12 ತಿಂಗಳಲ್ಲ, 15 ತಿಂಗಳು ಇರಬೇಕು ಅಂದರು. ಊಟದ ಕೋಣೆಯ ಕ್ಯಾಲೆಂಡರ್‌ನಲ್ಲಿ ಆಗಸ್ಟ್ ಹಾಳೆಗೆ ಅವರು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದರು. ಅದರ ಮೇಲೊಂದು ಗೆರೆ ಎಳೆದು, ಮೂರು ಹಾಳೆ ಮಗುಚಿ, ನವೆಂಬರ್‌ಗೆ ಸುತ್ತು ಹಾಕಿದರು. ಆ ಸಲ ಪೆನ್ಸಿಲ್‌ನಲ್ಲಿ.

ಹೊಸ ಮಂತ್ರಿ ಬಂದು ನಮಗೆ ಆದ ಮೊದಲ ಬದಲಾವಣೆ ಇದು.

ಹಳೇಪೇಪರ್

ಅಕ್ಕ, ಇದು ಪೇಪರ್‌ನಲ್ಲಿ ಇಲ್ಲದ ವಿಷಯ. ಥ್ಯಾಂಕ್ಸ್.

ಗಣಿತಮೇಷ್ಟ್ರು

ಎಲ್ಲರೂ ಬುಷ್ ವಿರೋಧಿಗಳ ಸಿಟ್ಟಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಆಗ ಜಾಸ್ತಿ ಉರಿದುಕೊಂಡವರು ಬುಷ್ ಪಕ್ಷದವರೇ. ಹೇಗೂ ತೆಗೆಯೋದಿತ್ತು, ಎರಡು ವಾರ ಮೊದಲೇ ತೆಗೆದಿದ್ದರೆ ಮೇಲ್ಮನೆ ಸೆನೆಟ್ ಆದರೂ ಉಳಿಯುತ್ತಿತ್ತು ಅಂದರು ಹಳೇ ಸ್ಪೀಕರ್ ನ್ಯೂಟ್ ಗಿಂಗ್ರಿಚ್. ಲೆಕ್ಕ ನೋಡಿದರೆ ಅವರ ಹೊಟ್ಟೆಯುರಿಗೆ ಅರ್ಥ ಇದೆ. ಸೆನೆಟ್ ಹೋದದ್ದು 51-49ರಲ್ಲಿ. ವರ್ಜೀನಿಯಾದಲ್ಲಿ 23 ಲಕ್ಷ ಮತ ಬಿದ್ದು, ಜಿಮ್ ವೆಬ್ ಗೆದ್ದದ್ದು ಸುಮಾರು 9 ಸಾವಿರದಲ್ಲಿ. ಅದೂ ಯಾರು ಈ ವೆಬ್? ರೇಗನ್ ಕಾಲದಲ್ಲಿ ನೌಕಾಪಡೆಯ ಕಾರ್ಯದರ್ಶಿ ಆಗಿದ್ದವರು. ಯುದ್ಧ ಬೇಡ ಅಂತ ಎದುರು ಪಕ್ಷಕ್ಕೆ ಹಾರಿದವರು. ಮಗ ಇರಾಕ್‌ನಲ್ಲಿ ಮರೀನ್ ಆಗಿದ್ದ.

ಆದರೆ ಗಿಂಗ್ರಿಚ್ ಮಾತು ನನಗೆ ಪೂರ್ತಿ ಹಿಡಿಸುವುದಿಲ್ಲ. ಆ ಚುನಾವಣೆ ಬರೀ ಇರಾಕ್ ಮೇಲೆ ನಡೆದದ್ದಲ್ಲ. ಅವರ ಸಂಸದರ ಲಂಚದ ಹಗರಣಗಳು ಸಾಲಾಗಿ ಬಂದಿದ್ದವು. ಕತ್ರೀನಾ ಚಂಡಮಾರುತದ ಸಿಟ್ಟೂ ಇತ್ತು. ಎರಡು ವಾರ ಮೊದಲು ತೆಗೆದಿದ್ದರೆ, ಸೋಲೋ ಭಯಕ್ಕೆ ತೆಗೆದರು ಅಂತ ಅದಕ್ಕೂ ಬೈತಿದ್ದರು. ಗೆದ್ದಾಗ ಏನು ಮಾಡಿದರು ನೋಡಿ. 2004ರ ಚುನಾವಣೆ ಬಂದದ್ದು ಅಬು ಘ್ರೈಬ್ ಆದ ಮೇಲೆ. ರಮ್ಸ್‌ಫೆಲ್ಡ್ ಆಗ ರಾಜೀನಾಮೆ ಕೊಡುತ್ತೇನೆ ಅಂತ ಎರಡು ಸಲ ಹೇಳಿದ್ದರು, ಬುಷ್ ಬೇಡ ಅಂದರು. ಗೆದ್ದ ಮೇಲೆ ಹೊರಗೆ ಹೋದದ್ದು ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್! ರಮ್ಸ್‌ಫೆಲ್ಡ್ ಉಳಿದರು. ತಪ್ಪಿಗೆ ತೆಗೆದಿದ್ದರೆ ಆವಾಗ ತೆಗೆಯಬೇಕಿತ್ತು. ತೆಗೆದದ್ದು ಸೋಲಿಗೆ.

ಸುಮ್ನೆಬಂದೆ

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನನ್ನ ಮೊದಲ ಕಾಮೆಂಟೇ ಸಾಕಿತ್ತು ಅಲ್ವಾ?

ಮೈಸೂರ್‌ಪಾಕ್

ಮೇಷ್ಟ್ರೇ, ಒಂದು ತಿದ್ದುಪಡಿ. ರಾಜೀನಾಮೆ ಪತ್ರದ ಮೇಲಿದ್ದ ತಾರೀಕು ನವೆಂಬರ್ 6, ಅಂದರೆ ಮತದಾನಕ್ಕೆ ಒಂದು ದಿನ ಮುಂಚೆ. ಅದು ಹೊರಗೆ ಬಂದದ್ದು 2007ರ ಆಗಸ್ಟ್‌ನಲ್ಲಿ. ಹಾಗಾಗಿ ಸೋತದ್ದಕ್ಕೆ ತೆಗೆದರು ಅನ್ನೋದು ಅಕ್ಷರಶಃ ನಿಜ ಅಲ್ಲ. ಫಲಿತಾಂಶಕ್ಕೆ ಮೊದಲೇ ಎಲ್ಲಾ ತೀರ್ಮಾನ ಆಗಿತ್ತು. ಜನ ಓಟು ಹಾಕುವಾಗ ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಇನ್ನೊಂದು ಮಜಾ. ಆ ಪತ್ರದಲ್ಲಿ ಇರಾಕ್ ಅನ್ನೋ ಪದವೇ ಇಲ್ಲ. ಯುದ್ಧ ಅನ್ನೋದೂ ಇಲ್ಲ. ಅದೇ ನವೆಂಬರ್ 6ರಂದು ಆತ ಬರೆದ ಇನ್ನೊಂದು ಟಿಪ್ಪಣಿ ಇದೆ, ಗುಟ್ಟಿನದು, ಡಿಸೆಂಬರ್‌ನಲ್ಲಿ ಸೋರಿಕೆ ಆಯಿತು. ಅದರ ತುಂಬಾ ಇರಾಕೇ. ಈಗ ಮಾಡುತ್ತಿರುವುದು ಸಾಕಷ್ಟು ಚೆನ್ನಾಗಿಯೂ ನಡೆಯುತ್ತಿಲ್ಲ, ಬೇಗನೂ ನಡೆಯುತ್ತಿಲ್ಲ, ದೊಡ್ಡ ಬದಲಾವಣೆ ಬೇಕು ಅಂತ ಆತನೇ ಬರೆದಿದ್ದ. ಒಂದೇ ದಿನ ಎರಡು ಕಾಗದ. ಹೊರಗೆ ತೋರಿಸೋದರಲ್ಲಿ ಇರಾಕ್ ಮಾಯ, ಒಳಗಿನದರಲ್ಲಿ ಒಪ್ಪಿಗೆ.

ಗಣಿತಮೇಷ್ಟ್ರು

ತಿದ್ದುಪಡಿ ಒಪ್ಪಿದೆ. ಹಾಗಾದರೆ ಸೋಲಿಗೆ ಅನ್ನೋದನ್ನ ಸೋಲಿನ ವಾಸನೆಗೆ ಅಂತ ಓದಿಕೊಳ್ಳಿ.

ಚಹಾಬಿಸಿ

ನಮ್ಮಪ್ಪ ಆಗ ಟಿವಿ ನೋಡಿ, ಬಿಲ್ ಗೇಟ್ಸ್ ರಕ್ಷಣಾ ಮಂತ್ರಿ ಆದನಂತೆ, ಇನ್ನು ಯುದ್ಧ ಎಲ್ಲಾ ಕಂಪ್ಯೂಟರ್‌ನಲ್ಲೇ ಅಂದಿದ್ದರು. ಒಂದು ವಾರ ಬೀದಿಯಲ್ಲೆಲ್ಲಾ ಅದನ್ನೇ ಹೇಳಿಕೊಂಡು ಓಡಾಡಿದರು.

ಹಳೇಪೇಪರ್

ಈ ಗೇಟ್ಸ್ ಟೆಕ್ಸಾಸ್‌ನ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು. ಅದಕ್ಕೂ ಮೊದಲು ಸಿಐಎ ಮುಖ್ಯಸ್ಥ, ಅದೂ ಅಪ್ಪ ಬುಷ್ ಕಾಲದಲ್ಲಿ. ಅಪ್ಪನ ಹಳೇ ಆಳನ್ನೇ ಮಗ ಕರೆತಂದ ಅನ್ನೋದು ಆಗಿನ ಇನ್ನೊಂದು ಗೊಣಗಾಟ. 1987ರಲ್ಲೇ ಸಿಐಎ ಹುದ್ದೆಗೆ ಹೆಸರು ಹೋಗಿ, ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿದ ಇರಾನ್-ಕಾಂಟ್ರಾ ಹಗರಣದ ಗಲಾಟೆಯಲ್ಲಿ ಹಿಂದೆ ತೆಗೆದುಕೊಳ್ಳಬೇಕಾಗಿತ್ತು. 1991ರಲ್ಲಿ ಸೆನೆಟ್ ಒಪ್ಪಿಕೊಂಡಾಗಲೂ 31 ಮಂದಿ ವಿರುದ್ಧ ಹಾಕಿದ್ದರು. ಅಂಥವರಿಗೆ 2006ರ ಡಿಸೆಂಬರ್‌ನಲ್ಲಿ 95-2! ಮನುಷ್ಯ ಬದಲಾಗಿದ್ದನಾ, ಅಥವಾ ರಮ್ಸ್‌ಫೆಲ್ಡ್ ಅಲ್ಲದ ಯಾರಾದರೂ ಸಾಕು ಅನ್ನೋ ಸ್ಥಿತಿಯಾ? ನನ್ನ ಪ್ರಕಾರ ಎರಡನೆಯದು.

ಆದರೆ ಒಂದು ಮಾತು ಅವರ ಪರವಾಗಿ. ಸೆನೆಟ್ ಸಮಿತಿಯಲ್ಲಿ ಕಾರ್ಲ್ ಲೆವಿನ್, ಇರಾಕ್‌ನಲ್ಲಿ ನಾವೀಗ ಗೆಲ್ಲುತ್ತಿದ್ದೇವಾ ಅಂತ ಕೇಳಿದರು. ಗೇಟ್ಸ್ ಉತ್ತರ: ಇಲ್ಲ ಸರ್. ಅಷ್ಟೇ. ವರ್ಷಗಟ್ಟಲೆ ರಮ್ಸ್‌ಫೆಲ್ಡ್‌ರ ಮಾತಿನ ಚಮತ್ಕಾರ ಕೇಳಿ ಕೇಳಿ ಸಾಕಾಗಿದ್ದವರಿಗೆ ಆ ಎರಡು ಪದ ನೀರು ಕುಡಿದಂತಾಯಿತು.

ಕೊಡಗಿನಕಿತ್ತಳೆ

ನಮ್ಮ ಕಡೆಯ ಒಂದು ಸಂಗತಿ ಹೇಳದೆ ಇರೋಕೆ ಆಗಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯ. ಸೇನಾ ಮುಖ್ಯಸ್ಥರಾಗಿದ್ದಾಗಲೇ, 1959ರ ಆಗಸ್ಟ್ 31ರಂದು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಏಗಲಾರದೆ ರಾಜೀನಾಮೆ ಬರೆದುಕೊಟ್ಟರು. ನೆಹರು ಕರೆದು ಸಮಾಧಾನ ಮಾಡಿ ವಾಪಸ್ ತೆಗೆಸಿದರು. ಆಮೇಲೆ ಸಂಸತ್ತಿನಲ್ಲಿ ತಿಮ್ಮಯ್ಯನವರ ಬಗ್ಗೆಯೇ ಬೇಸರದ ಮಾತಾಡಿದರು. ನಮ್ಮ ಮನೆಗಳಲ್ಲಿ ಆ ಕಥೆ ಹೇಳುವಾಗ ಹಿರಿಯರ ದನಿ ಈಗಲೂ ಏರುತ್ತೆ. ಅಮೆರಿಕದ ಜನರಲ್‌ಗಳು ಬಾಯಿ ಬಿಟ್ಟದ್ದು ನಿವೃತ್ತಿ ಆದ ಮೇಲೆ, ಅದನ್ನೂ ನೆನಪಿಡಿ.

ಮೆನನ್ ಹೋದದ್ದು 1962ರ ನವೆಂಬರ್ 7ಕ್ಕೆ. ಚೀನಾ ಆಗಲೇ ಒಳಗೆ ಬಂದಾಗಿತ್ತು. ಮಂತ್ರಿ ಹೋದರಲ್ಲ, ಇನ್ನು ಸರಿಹೋಗುತ್ತೆ ಅಂದುಕೊಂಡವರೂ ಇದ್ದರು. ಈಗಿನ ಅರುಣಾಚಲದ ಸೇ ಲಾ, ಬೊಮ್ದಿಲಾ ಬಿದ್ದದ್ದು ಅದಾದ ಮೇಲೆ, ಹತ್ತು ಹನ್ನೆರಡು ದಿನಕ್ಕೆ. ರಣರಂಗಕ್ಕೆ ರಾಜೀನಾಮೆ ಪತ್ರ ತಲುಪೋದು ತಡ.

ಬಸ್‌ಪಾಸ್

ಹೋಲಿಕೆ ಸ್ವಲ್ಪ ಎಳೆದ ಹಾಗಿದೆ. ಚೀನಾ ಯುದ್ಧ ಒಂದು ತಿಂಗಳದ್ದು. ಇರಾಕ್ ಎಷ್ಟೋ ವರ್ಷದ್ದು.

ಕೊಡಗಿನಕಿತ್ತಳೆ

ಎಳೆದೆ, ನಿಜ. ಆದರೂ ಹೇಳಿದ್ದು ಹೇಳಿದ್ದೇ.

ಹವಾಲ್ದಾರ್‌ಹಾಸನ

ನಾನು 17 ವರ್ಷ ಸೇನೆಯಲ್ಲಿದ್ದು ಬಂದವನು. ಇಲ್ಲಿ ಎಲ್ಲರೂ ಅಧ್ಯಕ್ಷ, ಸೆನೆಟ್, ಓಟು ಅನ್ನುತ್ತಿದ್ದೀರಿ. ಜವಾನನಿಗೆ ಮಂತ್ರಿ ಅಂದರೆ ಬೇರೆ. ಬೂಟು ಯಾವಾಗ ಬರುತ್ತೆ, ಗಾಡಿ ಎಂಥದ್ದು ಬರುತ್ತೆ, ಗಾಯ ಆದರೆ ಯಾವ ವಾರ್ಡ್‌ನಲ್ಲಿ ಮಲಗಿಸುತ್ತಾರೆ. ಮೇಲಿನವರ ಸಹಿ ನಮ್ಮ ಮಟ್ಟಿಗೆ ಅಷ್ಟೇ.

2004ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಒಬ್ಬ ಸಿಪಾಯಿ ರಮ್ಸ್‌ಫೆಲ್ಡ್‌ರನ್ನು ಎದ್ದು ನಿಂತು ಕೇಳಿದ. ನಮ್ಮ ಗಾಡಿಗೆ ರಕ್ಷಣೆಗೆ ಅಂತ ಗುಜರಿಯಲ್ಲಿ ಕಬ್ಬಿಣ ಹುಡುಕಬೇಕಾ? ಇರೋ ಸೈನ್ಯ ಇಟ್ಟುಕೊಂಡೇ ಯುದ್ಧಕ್ಕೆ ಹೋಗೋದು, ಬೇಕು ಅನಿಸಿದ ಸೈನ್ಯ ಇಟ್ಟುಕೊಂಡಲ್ಲ ಅನ್ನೋ ಧಾಟಿಯಲ್ಲಿ ಮಂತ್ರಿ ಉತ್ತರ ಕೊಟ್ಟರು. ಪ್ರಶ್ನೆ ಬರೆಯೋಕೆ ಒಬ್ಬ ವರದಿಗಾರ ಸಹಾಯ ಮಾಡಿದ್ದ ಅಂತ ಆಮೇಲೆ ದೊಡ್ಡ ಗಲಾಟೆ ಆಯಿತು. ಮಾಡಿದ್ದರೆ ಏನೀಗ? ಅಲ್ಲಿದ್ದ ಸಿಪಾಯಿಗಳೆಲ್ಲ ಚಪ್ಪಾಳೆ ಹೊಡೆದರಲ್ಲ.

ಈಗ ಎಂಆರ್‌ಎಪಿ ಗಾಡಿ ವಿಷಯ, ಅಂದರೆ ನೆಲಬಾಂಬ್ ತಡೆಯೋ ಕವಚದ ಗಾಡಿ. ರಸ್ತೆಯಲ್ಲಿ ಹೂತಿಟ್ಟ ಬಾಂಬ್‌ನಿಂದಲೇ ಹುಡುಗರು ಜಾಸ್ತಿ ಸಾಯುತ್ತಿದ್ದರು. ಹಮ್‌ವೀ ಗಾಡಿಯ ತಳ ಚಪ್ಪಟೆ. ಸ್ಫೋಟದ ಹೊಡೆತ ನೇರ ಮೇಲಕ್ಕೆ, ಕೂತವನ ಕಾಲಿಗೆ, ಸೊಂಟಕ್ಕೆ. ಎಂಆರ್‌ಎಪಿಯ ತಳ ದೋಣಿಯ ಅಡಿಯ ಹಾಗೆ ಚೂಪು. ಹೊಡೆತ ಎರಡೂ ಪಕ್ಕಕ್ಕೆ ಸೀಳಿ ಹೋಗುತ್ತೆ. ಅಷ್ಟೇ ವ್ಯತ್ಯಾಸ, ಕಾಲು ಉಳಿಯೋದು ಅಷ್ಟರಲ್ಲೇ. ಈ ಗಾಡಿ ಬೇಕು ಅಂತ ಮರೀನ್ ಅಧಿಕಾರಿಗಳು 2005ರಲ್ಲೇ ತುರ್ತು ಬೇಡಿಕೆ ಕಳಿಸಿದ್ದರು. ಕಾಗದ ಎಲ್ಲೋ ಕೂತಿತು. ದುಬಾರಿ, ಭಾರ, ಯುದ್ಧ ಇನ್ನೇನು ಮುಗಿಯುತ್ತೆ, ಆಮೇಲೆ ಇದನ್ನ ಏನು ಮಾಡೋದು ಅನ್ನೋ ಯೋಚನೆ. ಗೇಟ್ಸ್ 2007ರ ಏಪ್ರಿಲ್‌ನಲ್ಲಿ ಪೇಪರ್‌ನಲ್ಲಿ ಓದಿದರು, ಇರಾಕ್‌ನ ಅನ್ಬರ್ ಪ್ರಾಂತ್ಯದಲ್ಲಿ ಈ ಗಾಡಿ ಮೇಲೆ 300 ದಾಳಿ ಆದರೂ ಮರೀನ್ ಒಬ್ಬನೂ ಸತ್ತಿಲ್ಲ ಅಂತ. ಮೇ ತಿಂಗಳಲ್ಲಿ ಇಡೀ ಇಲಾಖೆಯಲ್ಲಿ ಇದೇ ಮೊದಲ ಖರೀದಿ ಅಂತ ಆದೇಶ ಹೊರಡಿಸಿದರು. ಮುಂದೆ ಸಾವಿರಗಟ್ಟಲೆ ಗಾಡಿ ಹೋದವು.

ಮುಖ ಬದಲಾದರೆ ಏನೂ ಬದಲಾಗಲ್ಲ ಅನ್ನೋರು ಆ ಗಾಡಿಯಿಂದ ನಡೆದುಕೊಂಡು ಇಳಿದವನನ್ನ ಒಮ್ಮೆ ಕೇಳಲಿ.

ಓಹಾಯೋಅಕ್ಕ

ಹವಾಲ್ದಾರರೇ, ವಾರ್ಡ್ ಅಂದಿರಲ್ಲ, ಅದಕ್ಕೆ ಒಂದು ಮಾತು. 2007ರ ಫೆಬ್ರುವರಿಯಲ್ಲಿ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಸುದ್ದಿ ಬಂತು. ಗಾಯಾಳು ಹುಡುಗರನ್ನು ಇಟ್ಟಿದ್ದ 18ನೇ ಕಟ್ಟಡದ ಗೋಡೆಗೆಲ್ಲಾ ಬೂಷ್ಟು, ಇಲಿ, ಜಿರಲೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮಗೆಲ್ಲ ಹೊಟ್ಟೆ ತೊಳೆಸಿತು. ಎರಡು ವಾರದೊಳಗೆ ಭೂಸೇನೆಯ ಕಾರ್ಯದರ್ಶಿ ಹುದ್ದೆಯಲ್ಲಿದ್ದ ಹಾರ್ವಿಯವರನ್ನೇ ಗೇಟ್ಸ್ ಮನೆಗೆ ಕಳಿಸಿದರು. ಅಬು ಘ್ರೈಬ್ ಆದಾಗ ಅಷ್ಟು ಮೇಲಿನವರು ಯಾರೂ ಹೋಗಿರಲಿಲ್ಲ. ಸಿಕ್ಕಿಬಿದ್ದದ್ದು ಕೆಳಗಿನ ಸಿಪಾಯಿಗಳು. ಇದೊಂದರಲ್ಲಿ ನನ್ನ ಮನಸ್ಸು ಸ್ವಲ್ಪ ಮೆತ್ತಗಾಯಿತು, ಸುಳ್ಳು ಯಾಕೆ ಹೇಳಲಿ.

ಮೈಸೂರ್‌ಪಾಕ್

ಒಳ್ಳೇದೇ. ಆದರೆ ಮತದಾರ ಕೇಳಿದ್ದು ಒಳ್ಳೇ ಗಾಡಿ, ಒಳ್ಳೇ ವಾರ್ಡ್ ಅಲ್ಲ ಸ್ವಾಮಿ. ಯುದ್ಧ ಇಳಿಸಿ ಅಂತ ಕೇಳಿದ. ಸಿಕ್ಕಿದ್ದು ಏರಿಕೆ. ಇರಾಕ್‌ನಲ್ಲಿ ಮುಂದೇನು ಅಂತ ನೋಡೋಕೆ ಎರಡೂ ಪಕ್ಷದವರನ್ನು ಕೂಡಿಸಿ ಮಾಡಿದ್ದ ಬೇಕರ್-ಹ್ಯಾಮಿಲ್ಟನ್ ಸಮಿತಿ 79 ಸಲಹೆ ಕೊಟ್ಟಿತು. ಹೋರಾಡುವ ಪಡೆಗಳನ್ನು ಮೆಲ್ಲಗೆ ವಾಪಸ್ ಕರೆಸಿಕೊಳ್ಳುವ ದಾರಿ ತೋರಿಸಿತು. ಗೇಟ್ಸ್ ಮಂತ್ರಿ ಆಗೋ ಮುಂಚೆ ಅದೇ ಸಮಿತಿಯಲ್ಲಿದ್ದವರು! ಒಂದು ತಿಂಗಳು ಕಳೆದು, 2007ರ ಜನವರಿ 10ಕ್ಕೆ, ಇನ್ನೂ 20 ಸಾವಿರಕ್ಕೂ ಜಾಸ್ತಿ ಸೈನಿಕರು ಹೋಗುತ್ತಾರೆ ಅಂತ ಬುಷ್ ಘೋಷಿಸಿದರು. ಇರಾಕ್‌ನಲ್ಲಿ ಅಮೆರಿಕದ ಸೈನಿಕರು ಅತಿ ಹೆಚ್ಚು ಸತ್ತ ವರ್ಷ ಯಾವುದು? ರಮ್ಸ್‌ಫೆಲ್ಡ್ ಇದ್ದ ಯಾವ ವರ್ಷವೂ ಅಲ್ಲ, 2007. ಸುಮಾರು 900 ಜನ.

ಗಣಿತಮೇಷ್ಟ್ರು

ವರ್ಷದ ಮೊತ್ತ ಹಿಡಿದರೆ ಹೌದು. ತಿಂಗಳ ಲೆಕ್ಕ ಹಿಡಿದರೆ ಬೇರೆ ಚಿತ್ರ. 2007ರ ಮೊದಲರ್ಧದಲ್ಲೇ ಜಾಸ್ತಿ ಸಾವು, ವರ್ಷದ ಕೊನೆಗೆ ದಿಢೀರ್ ಇಳಿಯಿತು.

ಆದರೆ ಆ ಇಳಿಕೆಯನ್ನು ಪೂರ್ತಿ ಗೇಟ್ಸ್ ಖಾತೆಗೆ ಜಮಾ ಮಾಡುವುದೂ ತಪ್ಪು. ಅನ್ಬರ್‌ನ ಸುನ್ನಿ ಬುಡಕಟ್ಟುಗಳು ಅಲ್ ಖೈದಾ ವಿರುದ್ಧ ತಿರುಗಿ ಬಿದ್ದದ್ದು 2006ರ ಸೆಪ್ಟೆಂಬರ್‌ನಿಂದ, ಅಂದರೆ ರಮ್ಸ್‌ಫೆಲ್ಡ್ ಇದ್ದಾಗಲೇ. 2007ರ ಆಗಸ್ಟ್‌ನಲ್ಲಿ ಶಿಯಾ ನಾಯಕ ಮುಕ್ತದಾ ಸದ್ರ್ ತನ್ನ ಪಡೆಗೆ ಬಂದೂಕು ಇಳಿಸಿ ಅಂದ. ಬಾಗ್ದಾದ್‌ನ ಎಷ್ಟೋ ಬೀದಿಗಳಲ್ಲಿ ಅಷ್ಟರಲ್ಲಿ ಕೊಲ್ಲೋಕೆ ಪಕ್ಕದ ಪಂಗಡದವರೇ ಉಳಿದಿರಲಿಲ್ಲ, ಎಲ್ಲಾ ಊರು ಬಿಟ್ಟಿದ್ದರು. ಇರಾಕ್‌ನಲ್ಲಿ ಪಡೆಗಳ ಕಮಾಂಡರ್ ಆಗಿದ್ದ ಜನರಲ್ ಕೇಸಿ ಹೋಗಿ ಪೆಟ್ರೇಯಸ್ ಬಂದದ್ದು ಮಂತ್ರಿ ಬದಲಾದಷ್ಟೇ ಮುಖ್ಯ ಅಂತ ನನಗನಿಸುತ್ತೆ.

ಸುಮ್ನೆಬಂದೆ

ಮೇಷ್ಟ್ರು ಇಬ್ಬರಿಗೂ ಅರ್ಧರ್ಧ ಮಾರ್ಕ್ಸ್ ಕೊಟ್ಟು ಹೋದರು.

ಹಳೇಪೇಪರ್

ನನಗೆ ಈಗ ಹೀಗನಿಸುತ್ತಿದೆ. ಆಗ ಅನುಮಾನ ಪಟ್ಟವರು ಯುದ್ಧದ ದಿಕ್ಕಿನ ಬಗ್ಗೆ ಹೇಳಿದ್ದು ಸರಿ. ಅದನ್ನು ತಿರುಗಿಸೋ ಕೈ ಮಂತ್ರಿಯದ್ದಲ್ಲ. ತಾರೀಕುಗಳ ಬಗ್ಗೆ ಹೇಳಿದ್ದಂತೂ ನೂರಕ್ಕೆ ನೂರು ಸರಿ. ಅವರು ಎಡವಿದ್ದು ಆ ಕುರ್ಚಿಯಲ್ಲಿ ಯಾರು ಕೂತರೂ ಒಂದೇ ಅಂದಾಗ. ಒಂದೇ ಆಗಿದ್ದರೆ ಒಬಾಮಾ 2009ರಲ್ಲಿ ಗೇಟ್ಸ್‌ರನ್ನು ಯಾಕೆ ಉಳಿಸಿಕೊಳ್ಳುತ್ತಿದ್ದರು? ಇನ್ನೊಂದು ಪಕ್ಷದಿಂದ ಗೆದ್ದು ಬಂದ ಹೊಸ ಅಧ್ಯಕ್ಷ ಹಳೇ ರಕ್ಷಣಾ ಮಂತ್ರಿಯನ್ನೇ ಇರಿ ಅಂದದ್ದು ಅದೇ ಮೊದಲು. 2011ರ ಜೂನ್ ಕೊನೆಯವರೆಗೂ ಇದ್ದರು.

ಮೈಸೂರ್‌ಪಾಕ್

ಯುದ್ಧ ಬೇಡ ಅಂತ ಗೆದ್ದವರು ಬುಷ್ ಮಂತ್ರಿಯನ್ನೇ ಇಟ್ಟುಕೊಂಡರು ಅನ್ನೋದು ನನ್ನ ವಾದಕ್ಕೇ ಬಲ ಅಣ್ಣ. ಬಸ್‌ಪಾಸ್ ಹೇಳಿದ ಬೋರ್ಡ್ ನೆನಪಿಸಿಕೊಳ್ಳಿ.

ಬಸ್‌ಪಾಸ್

ಮೆಜೆಸ್ಟಿಕ್ ಮೆಜೆಸ್ಟಿಕ್!

ಹವಾಲ್ದಾರ್‌ಹಾಸನ

ಅಕ್ಕ, ತಪ್ಪು ತಿಳಿಯಬೇಡಿ, ಬೆಳಗ್ಗೆಯಿಂದ ಕೇಳಬೇಕು ಅಂತಿದ್ದೆ. ಆ ಹುಡುಗ ವಾಪಸ್ ಬಂದನಾ?

ಓಹಾಯೋಅಕ್ಕ

ಬಂದ. ನವೆಂಬರ್‌ನಲ್ಲೇ. ಪೆನ್ಸಿಲ್ ಸುತ್ತು ಹಾಕಿದ್ದ ತಾರೀಕಿಗಿಂತ ಆರು ದಿನ ತಡ. ಕೇಕ್ ತಂದಿದ್ದರು, ಮಗನನ್ನೂ ಒಂದು ದಿನ ಲ್ಯಾಬ್‌ಗೆ ಕರೆದುಕೊಂಡು ಬಂದರು. ತುಂಬಾ ಸಣ್ಣ ಹುಡುಗ, ನೀವು ಅಂದುಕೊಂಡಿರೋದಕ್ಕಿಂತ ಸಣ್ಣ. ಬಾಗಿಲು ಜೋರಾಗಿ ಬಡಿದಾಗ ಎರಡು ಸಲ ಎದ್ದು ನಿಂತ.

ಹವಾಲ್ದಾರ್‌ಹಾಸನ

ಯಾವ ಗಾಡಿಯಲ್ಲಿ ಇದ್ದನಂತೆ?

ಓಹಾಯೋಅಕ್ಕ

ಹಮ್‌ವೀ. ಕೊನೆಯವರೆಗೂ ಅದೇ. ನೀವು ಹೇಳಿದ ಹೊಸ ಗಾಡಿ ಅವನ ತುಕಡಿಗೆ ಬಂದದ್ದು ಅವರು ಸಾಮಾನು ಕಟ್ಟುತ್ತಿದ್ದ ವಾರ. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲವಂತೆ. ಲೆಕ್ಕ ನೋಡಿ, ಸಹಿ ಹಾಕಿ, ಮುಂದಿನ ತುಕಡಿಯವರಿಗೆ ಒಪ್ಪಿಸಿ ವಿಮಾನ ಹತ್ತಿದ.